ಹೊಸ ಹಾವಸೆ ಎಂದರೆ ಎಷ್ಟು ಹೊಸದು?

2021ರ ಜುಲೈನಲ್ಲಿ ಪತ್ರಿಕೆ, ಟಿವಿ, ವಾಟ್ಸ್‌ಆ್ಯಪ್ ಎಲ್ಲ ಕಡೆ ಒಂದು ಸುದ್ದಿ ಓಡಾಡಿತು. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರ ‘ಭಾರತಿ’ಯ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನಿಗಳು ಹೊಸ ಸಸ್ಯವೊಂದನ್ನು ಗುರುತಿಸಿದ್ದಾರೆ ಎಂಬ ಸುದ್ದಿ. ಸಸ್ಯವೆಂದರೆ ಮರವಲ್ಲ, ಹೂಗಿಡವೂ ಅಲ್ಲ. ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಹಾವಸೆ. ಕೇಂದ್ರದ ಹೆಸರನ್ನೇ ಸೇರಿಸಿ ಅದನ್ನು ಬ್ರಯಂ ಭಾರತಿಯೆನ್ಸಿಸ್ ಎಂದು ಕರೆದರು.

ಪಂಜಾಬ್ ಕೇಂದ್ರೀಯ ವಿಶ್ವವಿದ್ಯಾಲಯದ ಫೆಲಿಕ್ಸ್ ಬಾಸ್ಟ್ ಈ ಹಸಿರನ್ನು ಲಾರ್ಸ್‌ಮನ್ ಹಿಲ್ಸ್ ಎಂಬಲ್ಲಿ ಕಂಡದ್ದು 2017ರ ಜನವರಿಯಲ್ಲಿ. ಇದು ಹೊಸ ಪ್ರಭೇದ ಎಂಬ ಪ್ರಬಂಧ ಅಚ್ಚಾದದ್ದು 2021ರಲ್ಲಿ. ಇಡೀ ಖಂಡದಲ್ಲಿ ದಾಖಲಾಗಿರುವ ಹಾವಸೆಗಳೇ ನೂರು ಚಿಲ್ಲರೆ. ಹಾಗಿದ್ದ ಮೇಲೆ ಒಂದು ಹಾವಸೆ ಹೊಸದೋ ಹಳೆಯದೋ ಎಂದು ಹೇಳಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಯಾಕೆ ಬೇಕಾಯಿತು ಎಂದು ಓದಿದವರಿಗೆ ಅನ್ನಿಸುವುದು ಸಹಜ.

ಹಾವಸೆಗಳ ಲೋಕದಲ್ಲಿ ಕಣ್ಣಿಗೆ ಬೀಳುವುದೇ ಬೇರೆ, ಪತ್ತೆಯಾಗುವುದೇ ಬೇರೆ. ‘ಹೊಸದು’ ಎಂದು ಘೋಷಣೆಯಾಗುವ ಎಷ್ಟೋ ಹಾವಸೆಗಳನ್ನು ಅದಕ್ಕೂ ಮೊದಲೇ ಯಾರೋ ನೋಡಿರುತ್ತಾರೆ, ತುಳಿದಿರುತ್ತಾರೆ, ಕಿತ್ತು ಕಾಗದದಲ್ಲಿ ಕಟ್ಟಿ ಇನ್ನಾವುದೋ ಹೆಸರು ಬರೆದು ಬೀರುವಿನಲ್ಲಿ ಇಟ್ಟಿರುತ್ತಾರೆ. ಅವು ಹೊಸದಾಗುವುದು ಕಾಡಿನಲ್ಲಿ ಕಡಿಮೆ, ಮೇಜಿನ ಮೇಲೆ ಹೆಚ್ಚು. ಅಲ್ಲಿ ನಡೆಯುವ ಕೆಲಸ ಏನೆಂದು ಒಂದೊಂದಾಗಿ ನೋಡೋಣ.

ಹಾವಸೆ ಯಾವುದು, ಯಾವುದಲ್ಲ

ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ, ಹೆಂಚಿನ ಮೇಲೆ, ಬಾವಿಕಟ್ಟೆಯ ಸಂದಿಯಲ್ಲಿ ಮಖಮಲ್ಲಿನ ಹಾಗೆ ಎದ್ದುಬರುವ ಹಸಿರು ಹಾವಸೆ. ಅದನ್ನೂ ಕೆರೆಯ ನೀರಿನ ಮೇಲೆ ತೇಲುವ ಹಸಿರನ್ನೂ ನಾವು ಒಟ್ಟಿಗೆ ಪಾಚಿ ಎಂದುಬಿಡುತ್ತೇವೆ. ಆದರೆ ನೀರಿನದು ಶೈವಲ, ಬೇರೆಯೇ ಗುಂಪು. ಮಸಾಲೆಗೆ ಹಾಕುವ ಕಲ್ಲುಹೂವು ಹಾವಸೆಯೂ ಅಲ್ಲ, ಸಸ್ಯವೂ ಅಲ್ಲ. ಶಿಲೀಂಧ್ರ ಮತ್ತು ಶೈವಲ ಕೂಡಿ ಬಾಳುವ ಒಂದು ಜೀವಿ.

ಹಾವಸೆ ನಿಜವಾದ ಸಸ್ಯ. ಕಾಂಡ, ಎಲೆ ಎರಡೂ ಇವೆ, ಆದರೆ ಬೇರಿಲ್ಲ. ಬಂಡೆಯನ್ನು ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳು ಮಾತ್ರ ಇವೆ. ದೊಡ್ಡ ಗಿಡಗಳಲ್ಲಿರುವಂತೆ ನೀರನ್ನು ಮೇಲಕ್ಕೆ ಏರಿಸುವ ಗಟ್ಟಿ ನಾಳಗಳಿಲ್ಲ, ಅದಕ್ಕೇ ಎತ್ತರಕ್ಕೆ ಬೆಳೆಯುವುದಿಲ್ಲ. ಹೆಚ್ಚಿನವುಗಳ ಎಲೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ನೀರನ್ನು ಮೈಯಿಂದಲೇ ಹೀರುತ್ತವೆ, ಬಿಸಿಲು ಬಂದರೆ ಒಣಗಿ ಮುದುಡುತ್ತವೆ. ಅನೇಕ ಹಾವಸೆಗಳು ಹೀಗೆ ಪೂರ್ತಿ ಒಣಗಿದರೂ ಸಾಯುವುದಿಲ್ಲ, ಮಳೆ ಬಿದ್ದೊಡನೆ ಮತ್ತೆ ಹಸಿರಾಗಿ ಕೆಲಸ ಶುರು ಮಾಡುತ್ತವೆ.

ಹೂವಿಲ್ಲ, ಬೀಜವೂ ಇಲ್ಲ. ಗಂಡು ಲಿಂಗಾಣು ನೀರಿನ ತೆಳುಪದರದಲ್ಲಿ ಈಜಿಕೊಂಡು ಅಂಡವನ್ನು ಸೇರುತ್ತದೆ. ಆಮೇಲೆ ತಾಯಿಗಿಡದ ಮೇಲೆಯೇ ಒಂದು ಸಣ್ಣ ಕಡ್ಡಿ ಏಳುತ್ತದೆ, ಕಡ್ಡಿಯ ತುದಿಗೆ ಒಂದು ಪುಟ್ಟ ಕರಡಿಗೆ. ಅದರೊಳಗೆ ಪುಡಿಯಂಥ ಬೀಜಕಗಳಿರುತ್ತವೆ. ಕರಡಿಗೆ ಬಾಯಿ ಬಿಟ್ಟಾಗ ಅವು ಗಾಳಿಗೆ ಹಾರಿ ಬೇರೆಡೆ ಬಿದ್ದು ಮೊಳೆಯುತ್ತವೆ. ಈ ಕಡ್ಡಿ ಮತ್ತು ಕರಡಿಗೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಂದು ದೊಡ್ಡ ಗೊಂದಲ ಬಗೆಹರಿಯುವುದು ಅವುಗಳಿಂದಲೇ.

ಹಾವಸೆಗಳಿಗೆ ಇಬ್ಬರು ದಾಯಾದಿಗಳಿದ್ದಾರೆ, ಲಿವರ್‌ವರ್ಟ್ ಮತ್ತು ಹಾರ್ನ್‌ವರ್ಟ್. ಮೂರನ್ನೂ ಸೇರಿಸಿ ಬ್ರಯೋಫೈಟ್‌ಗಳು ಎನ್ನುತ್ತಾರೆ. ಪ್ರಪಂಚದಲ್ಲಿ ಹಾವಸೆಗಳೇ ಸುಮಾರು 12,000 ಪ್ರಭೇದಗಳಿವೆ. ಭಾರತದಲ್ಲಿ ಮೂರೂ ಗುಂಪು ಸೇರಿ ಎರಡೂವರೆ ಸಾವಿರಕ್ಕೂ ಹೆಚ್ಚು. ಹಿಮಾಲಯದ ಪೂರ್ವಭಾಗ ಮತ್ತು ನಮ್ಮ ಪಶ್ಚಿಮಘಟ್ಟ ಇವುಗಳ ದೊಡ್ಡ ನೆಲೆಗಳು.

ಎರಡು ಶಬ್ದಗಳನ್ನು ಮುಂದೆ ಮತ್ತೆ ಮತ್ತೆ ಬಳಸುತ್ತೇನೆ. ಪ್ರಭೇದ ಎಂದರೆ ತನ್ನದೇ ಲಕ್ಷಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬರುವ, ಬೇರೆಯವುಗಳಿಂದ ಪ್ರತ್ಯೇಕವಾಗಿ ಸಾಗುತ್ತಿರುವ ಒಂದು ಬಳಗ. ಹತ್ತಿರದ ಪ್ರಭೇದಗಳನ್ನು ಒಟ್ಟು ಮಾಡಿದರೆ ಕುಲ. ಬ್ರಯಂ ಎನ್ನುವುದು ಕುಲದ ಹೆಸರು, ಭಾರತಿಯೆನ್ಸಿಸ್ ಪ್ರಭೇದವನ್ನು ಸೂಚಿಸುವ ಭಾಗ.

ಕಣ್ಣೆದುರಿಗಿದ್ದರೂ ತಪ್ಪಿಸಿಕೊಳ್ಳುವುದು ಹೇಗೆ

ಮೊದಲ ಕಾರಣ ಗಾತ್ರ. ಅದು ಎಲ್ಲರಿಗೂ ಗೊತ್ತಾಗುವಂಥದ್ದು. ಎರಡನೆಯದು ಸ್ವಲ್ಪ ಕುಟಿಲ. ಒಂದೇ ಪ್ರಭೇದ ನೆರಳಲ್ಲಿ ಬೆಳೆದರೆ ಉದ್ದವಾಗಿ, ಎಲೆ ವಿರಳವಾಗಿ ಕಾಣುತ್ತದೆ. ಬಿಸಿಲಲ್ಲಿ ಗಿಡ್ಡವಾಗಿ, ಒತ್ತೊತ್ತಾಗಿ. ನೀರಿನ ಪಕ್ಕದಲ್ಲಿ ಒಂದು ರೂಪ, ಒಣ ಬಂಡೆಯ ಮೇಲೆ ಇನ್ನೊಂದು. ಹೀಗಾಗಿ ಅನುಭವಿಗಳು ಸಣ್ಣ ವ್ಯತ್ಯಾಸ ಕಂಡಾಗ ‘ಜಾಗದ ಪ್ರಭಾವ ಇರಬೇಕು’ ಎಂದು ಬಿಟ್ಟುಬಿಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ್ದು ಸರಿಯೇ ಇರಬಹುದು. ಹತ್ತನೆಯ ಸಲ ಒಂದು ಪ್ರಭೇದ ಕೈತಪ್ಪುತ್ತದೆ.

ಮೂರನೆಯದು, ಕರಡಿಗೆ ಸಿಗದಿರುವುದು. ಗುರುತಿಸಲು ಬೇಕಾದ ಲಕ್ಷಣಗಳಲ್ಲಿ ಬಹಳಷ್ಟು ಅಲ್ಲಿವೆ. ಆದರೆ ಎಷ್ಟೋ ಹಾವಸೆಗಳು ವರ್ಷಗಟ್ಟಲೆ ಕರಡಿಗೆ ಬಿಡದೆ, ಬರೀ ತುಂಡಾಗಿ ಚೆಲ್ಲಿಹೋಗಿ ಹರಡುತ್ತವೆ. ಅಂಟಾರ್ಕ್ಟಿಕಾ ಖಂಡದ ನೆಲದಲ್ಲಂತೂ ಕರಡಿಗೆ ಕಾಣುವುದೇ ಅಪರೂಪ. ಅದರ ಮೇಲೆ ಬ್ರಯಂ ಕುಲವೇ ಗೊಂದಲದ ಮನೆ. ಆ ಕುಲದ ಬ್ರಯಂ ಅರ್ಜೆಂಟಿಯಂ ಎಂಬ, ಎಲೆಯ ತುದಿ ಬೆಳ್ಳಗೆ ಹೊಳೆಯುವ ಹಾವಸೆ ನಗರಗಳ ಫುಟ್‌ಪಾತಿನ ಬಿರುಕುಗಳಲ್ಲೂ ಬೆಳೆಯುತ್ತದೆ, ಅಂಟಾರ್ಕ್ಟಿಕಾದಲ್ಲೂ ಬೆಳೆಯುತ್ತದೆ. ಲೋಕವೆಲ್ಲ ಸುತ್ತಿರುವ ಇಂಥ ನೆಂಟರಿರುವಾಗ, ಭಾರತಿ ಕೇಂದ್ರದ ಬಳಿಯ ಹಾವಸೆ ಅವರಲ್ಲಿ ಯಾರೂ ಅಲ್ಲ ಎಂದು ತೋರಿಸುವುದೇ ನಾಲ್ಕು ವರ್ಷದ ಕೆಲಸ. (ಅಲ್ಲಿ ಅದಕ್ಕೆ ಸಾರಜನಕ ಸಿಗುವುದು ಪೆಂಗ್ವಿನ್ ಹಿಕ್ಕೆಯಿಂದ ಎಂದು ಬಾಸ್ಟ್ ಅವರ ತಂಡ ಹೇಳಿತ್ತು. ಸುದ್ದಿಯಲ್ಲಿ ಹೆಚ್ಚು ಓಡಿದ್ದು ಆ ಒಂದು ಸಾಲೇ.)

ಇನ್ನೊಂದು ಕಾರಣ ಸಸ್ಯಕ್ಕೆ ಸಂಬಂಧಿಸಿದ್ದಲ್ಲ, ಜನಕ್ಕೆ. ಹಾವಸೆಗಳನ್ನು ಓದಬಲ್ಲ ತಜ್ಞರು ಎಲ್ಲ ದೇಶಗಳಲ್ಲೂ ಕಡಿಮೆ. ಹೂಬಿಡುವ ಗಿಡಕ್ಕೆ, ಹಕ್ಕಿಗೆ, ಚಿಟ್ಟೆಗೆ ಸಿಗುವ ಕಣ್ಣುಗಳ ಒಂದು ಪಾಲೂ ಇದಕ್ಕೆ ಸಿಗುವುದಿಲ್ಲ.

ಕಾಗದದ ಪೊಟ್ಟಣ, ಬ್ಲೇಡು, ಸೂಕ್ಷ್ಮದರ್ಶಕ

ಹಾವಸೆ ಸಂಗ್ರಹಿಸುವುದು ಸಸ್ಯಶಾಸ್ತ್ರದಲ್ಲೇ ಅತಿ ಸರಳವಾದ ಕೆಲಸ. ಚೂರು ಕಿತ್ತು, ಮಣ್ಣು ಕೊಡವಿ, ಕಾಗದ ಮಡಿಸಿ ಮಾಡಿದ ಪೊಟ್ಟಣದಲ್ಲಿ ಹಾಕಿ, ಗಾಳಿಗೆ ಒಣಗಿಸಿದರೆ ಮುಗಿಯಿತು. ರಾಸಾಯನಿಕ ಬೇಡ, ಫಾರ್ಮಲಿನ್ ಬೇಡ. ಪೊಟ್ಟಣದ ಮೇಲೆ ಎಲ್ಲಿ ಸಿಕ್ಕಿತು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ಬಂಡೆಯ ಮೇಲೋ ತೊಗಟೆಯ ಮೇಲೋ ಮಣ್ಣಿನ ಮೇಲೋ, ಯಾವ ದಿನ, ಯಾರು ಎಂದು ಬರೆಯಬೇಕು. ಈ ಬರಹ ಇಲ್ಲದ ಪೊಟ್ಟಣ ಕಸಕ್ಕೆ ಸಮ.

ಹೀಗೆ ಇಟ್ಟ ಒಣ ಹಾವಸೆಗೆ ಒಂದು ಗುಣವಿದೆ. ನೂರು, ನೂರೈವತ್ತು ವರ್ಷ ಕಳೆದ ಮೇಲೂ ಒಂದು ಹನಿ ನೀರಲ್ಲಿ ನೆನೆಸಿದರೆ ಎಲೆಗಳು ಬಿಚ್ಚಿಕೊಂಡು ಬದುಕಿದ್ದಾಗಿನ ಆಕಾರಕ್ಕೆ ಬರುತ್ತವೆ. ಜೀವವಿರುವುದಿಲ್ಲ, ಆದರೆ ಜೀವಕೋಶಗಳ ಗೋಡೆಗಳು ಹಾಗೇ ಇರುತ್ತವೆ. ಇದರಿಂದಾಗಿ 19ನೇ ಶತಮಾನದಲ್ಲಿ ಯಾರೋ ಹಿಮಾಲಯದಲ್ಲಿ ಕಿತ್ತದ್ದನ್ನೂ ಮೊನ್ನೆ ಕೊಡಗಿನಲ್ಲಿ ಕಿತ್ತದ್ದನ್ನೂ ಒಂದೇ ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಒತ್ತಿ ಒಣಗಿಸಿದ ಹೂವಿನಲ್ಲಿ ಈ ಸುಖವಿಲ್ಲ.

ಹೊರಗೆ ಹತ್ತು ಪಟ್ಟು ಅಥವಾ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಅದರಿಂದ ಕುಲದವರೆಗೆ ಬರಬಹುದು. ಮುಂದಕ್ಕೆ ಪ್ರಯೋಗಾಲಯವೇ ಗತಿ. ಎಲೆಯನ್ನು ಬಿಡಿಸಿ ಗಾಜಿನ ಮೇಲಿಟ್ಟು ನೋಡುವುದು ಏನನ್ನು? ಎಲೆಯ ನಡುನರ ತುದಿಯವರೆಗೆ ಬರುತ್ತದೆಯೇ, ಮಧ್ಯದಲ್ಲೇ ನಿಲ್ಲುತ್ತದೆಯೇ, ತುದಿ ದಾಟಿ ಮುಳ್ಳಿನಂತೆ ಹೊರಬರುತ್ತದೆಯೇ. ಅಂಚಿನಲ್ಲಿ ಗರಗಸದ ಹಲ್ಲುಗಳಿವೆಯೇ. ಜೀವಕೋಶಗಳು ಉದ್ದವೇ, ಚೌಕವೇ, ಆರು ಮೂಲೆಯವೇ, ಅವುಗಳ ಮೇಲೆ ಗುಬುಟುಗಳಿವೆಯೇ. ಎಲೆ ಕಾಂಡಕ್ಕೆ ಸೇರುವ ಮೂಲೆಯ ಕೋಶಗಳು ಉಳಿದವುಗಳಿಗಿಂತ ಬೇರೆಯೇ. ಎಲೆಯನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ಯುವುದೂ ಉಂಟು. ಒಂದು ಮಿಲಿಮೀಟರ್ ಅಗಲವೂ ಇಲ್ಲದ ಎಲೆಯನ್ನು ಕೈಯಲ್ಲೇ ಚೂರು ಚೂರಾಗಿ ಕೊಯ್ಯಬೇಕು. ಕಲಿಯಲು ಕಾಲ ಹಿಡಿಯುತ್ತದೆ. ಕೆಲವು ಗುಂಪುಗಳಲ್ಲಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿದರೆ ಕೋಶದ ಗೋಡೆ ಕೆಂಪಗೋ ಹಳದಿಯಾಗಿಯೋ ಬಣ್ಣ ತಾಳುತ್ತದೆ, ಅದೂ ಒಂದು ಗುರುತು.

ಕರಡಿಗೆ ಸಿಕ್ಕಿದ್ದರೆ ಅದೃಷ್ಟ. ಬಹುಪಾಲು ಹಾವಸೆಗಳ ಕರಡಿಗೆಯ ಬಾಯಿಯ ಸುತ್ತ ಹಲ್ಲುಗಳ ಸಾಲು ಇರುತ್ತದೆ, ಹೆಚ್ಚಾಗಿ 16. ಗಾಳಿಯ ತೇವಕ್ಕೆ ತಕ್ಕಂತೆ ಅವು ಬಾಗಿ ನೆಟ್ಟಗಾಗಿ ಬೀಜಕಗಳನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತವೆ. ಜರ್ಮನಿಯ ಲೈಪ್ಜಿಗ್‌ನಲ್ಲಿ ವೈದ್ಯರಾಗಿದ್ದ ಯೊಹಾನೆಸ್ ಹೆಡ್ವಿಗ್ 18ನೇ ಶತಮಾನದಲ್ಲಿ ಈ ಹಲ್ಲುಗಳನ್ನು ಲಕ್ಷ್ಯವಿಟ್ಟು ನೋಡಿ ಹಾವಸೆಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದರು. ಅವರ ಮುಖ್ಯ ಗ್ರಂಥ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1801ರಲ್ಲಿ. ಮುಂದೆ ಬರಲಿರುವ ಸ್ಫ್ಯಾಗ್ನಂ ಗುಂಪೊಂದನ್ನು ಬಿಟ್ಟು, ಹಾವಸೆಗಳ ಅಧಿಕೃತ ಹೆಸರುಗಳಿಗೆ ಆ ಗ್ರಂಥವನ್ನೇ ಆರಂಭರೇಖೆಯಾಗಿ ಹಿಡಿದರು.

ಇಷ್ಟೆಲ್ಲ ನೋಡಿದ ಮೇಲೂ ಕೈಯಲ್ಲಿರುವ ಮಾದರಿ ಯಾವ ಪುಸ್ತಕದ ವಿವರಣೆಗೂ ಹೊಂದದಿದ್ದರೆ ಮೊದಲು ಬರುವ ಅನುಮಾನ ‘ಹೊಸದಿರಬಹುದು’ ಎಂಬುದಲ್ಲ. ‘ಎಲ್ಲೋ ತಪ್ಪು ನೋಡಿದ್ದೇನೆ’ ಎಂಬುದು. ಅದಾದ ಮೇಲಿನ ಅನುಮಾನ, ಬೇರೆ ದೇಶದಲ್ಲಿ ಬೇರೆ ಹೆಸರಿನಿಂದ ಇದು ಆಗಲೇ ಗೊತ್ತಿರಬಹುದು ಎಂಬುದು. ಬೀಜಕಗಳು ಗಾಳಿಯಲ್ಲಿ ಖಂಡ ದಾಟುವುದರಿಂದ ಪಕ್ಕದ ಜಿಲ್ಲೆಯ ಪಟ್ಟಿ ನೋಡಿದರೆ ಸಾಲದು. ಒಣ ಸಸ್ಯಗಳನ್ನು ಕಾಪಾಡಿಡುವ ಪ್ರಪಂಚದ ಸಸ್ಯಾಗಾರಗಳಿಂದ ಹಳೆಯ ಪೊಟ್ಟಣಗಳನ್ನು ತರಿಸಿ, ಇಲ್ಲವೇ ತಾವೇ ಹೋಗಿ ನೋಡಿ, ಒಂದೊಂದನ್ನೇ ಅಲ್ಲಗಳೆಯಬೇಕು. ವರ್ಷಗಳು ಕರಗುವುದು ಇಲ್ಲಿ.

132 ವರ್ಷ ತಪ್ಪು ಗುಂಪಿನಲ್ಲಿ

ಒಂದು ಹಾವಸೆ ಎಷ್ಟು ಕಾಲ ಕಣ್ತಪ್ಪಿಸಿಕೊಂಡು ಇರಬಲ್ಲದು ಎಂಬುದಕ್ಕೆ ತಕಾಕಿಯಾದಷ್ಟು ಒಳ್ಳೆಯ ಉದಾಹರಣೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ವಿಲಿಯಂ ಮಿಟನ್ ಎಂಬುವರು ಹಾವಸೆಗಳ ದೊಡ್ಡ ತಜ್ಞರೂ ಆಗಿದ್ದರು. ಆಗಿನ ಬ್ರಿಟಿಷ್ ಇಂಡಿಯಾದಿಂದ ಹೋದ ಸಂಗ್ರಹಗಳು ಅವರ ಮೇಜಿಗೆ ಬರುತ್ತಿದ್ದವು. ಹಿಮಾಲಯದಿಂದ ಬಂದ ಒಂದು ಚೂರನ್ನು ನೋಡಿ 1861ರಲ್ಲಿ ಅವರು ಅದಕ್ಕೆ ಲೆಪಿಡೋಜಿಯಾ ಸೆರಾಟೊಫಿಲ್ಲಾ ಎಂದು ಹೆಸರಿಟ್ಟರು. ಲೆಪಿಡೋಜಿಯಾ ಲಿವರ್‌ವರ್ಟ್ ಗುಂಪಿನ ಒಂದು ಕುಲ. ಅದರಲ್ಲಿ ಆಗಲೇ ಅನೇಕ ಪ್ರಭೇದಗಳಿದ್ದವು, ಇದೂ ಒಂದು ಎಂದು ಸೇರಿತು. ಆಮೇಲೆ ಸುಮಾರು ನೂರು ವರ್ಷ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಅದು ಕಳೆದುಹೋಗಿರಲಿಲ್ಲ, ಹೆಸರಿತ್ತು, ಪೊಟ್ಟಣವಿತ್ತು. ಹೆಸರು ಇದ್ದದ್ದರಿಂದಲೇ ಅದು ಮರೆಯಾಯಿತು ಎಂದರೂ ನಡೆಯುತ್ತದೆ. ಹೆಸರಿಲ್ಲದ್ದನ್ನು ಯಾರಾದರೂ ಮತ್ತೆ ಬಿಚ್ಚಿ ನೋಡುತ್ತಾರೆ.

20ನೇ ಶತಮಾನದ ಮಧ್ಯದಲ್ಲಿ ಜಪಾನಿನ ಎತ್ತರದ ಬೆಟ್ಟಗಳಲ್ಲಿ ನೊರಿವೊ ತಕಾಕಿ ಎಂಬ ವಿಜ್ಞಾನಿಗೆ ಒಂದು ವಿಚಿತ್ರ ಹಸಿರು ಸಿಕ್ಕಿತು. ಗಿಡದ ಎತ್ತರ ಒಂದು ಸೆಂಟಿಮೀಟರಿನ ಆಸುಪಾಸು. ಎಲೆ ಚಪ್ಪಟೆಯಾಗಿರದೆ ಬೆರಳುಗಳಂತೆ ಸೀಳಿಕೊಂಡಿತ್ತು. ನೆಲ ಹಿಡಿಯುವ ಕೂದಲೆಳೆಗಳೂ ಇರಲಿಲ್ಲ. ಹಾವಸೆಯೋ, ಲಿವರ್‌ವರ್ಟೋ, ಶೈವಲವೋ ಹೇಳುವುದು ಕಷ್ಟವಾಯಿತು. ಹತ್ತೋರಿ ಮತ್ತು ಇನೋಉಎ ಎಂಬ ತಜ್ಞರು 1958ರಲ್ಲಿ ಇದಕ್ಕಾಗಿ ಹೊಸ ಕುಲವನ್ನೇ ತೆರೆದು, ಕಂಡುಹಿಡಿದವರ ಹೆಸರಿನಲ್ಲಿ ತಕಾಕಿಯಾ ಎಂದು ಕರೆದರು. ಪ್ರಭೇದಕ್ಕೆ ತಕಾಕಿಯಾ ಲೆಪಿಡೋಜಿಯೊಯ್ಡೀಸ್ ಎಂದು ಹೆಸರಾಯಿತು. ಆದರೂ ಲಿವರ್‌ವರ್ಟ್‌ಗಳ ಪಕ್ಕದಲ್ಲೇ ಕೂರಿಸಿದರು.

1963ರಲ್ಲಿ ಜರ್ಮನಿಯ ತಜ್ಞ ಗ್ರೋಲೆ ಹಿಮಾಲಯದ ಆ ಹಳೆಯ ಲೆಪಿಡೋಜಿಯಾ ಕೂಡ ತಕಾಕಿಯಾವೇ ಎಂದು ಗುರುತಿಸಿ ಹೊಸ ಕುಲಕ್ಕೆ ವರ್ಗಾಯಿಸಿದರು. ಜಪಾನಿನಲ್ಲಿ ಅಚ್ಚರಿ ಹುಟ್ಟಿಸಿದ ಸಸ್ಯದ ಸೋದರಿ ನೂರು ವರ್ಷದಿಂದ ಯುರೋಪಿನ ಬೀರುವಿನಲ್ಲಿ ಕೂತಿದ್ದಳು ಎಂದಾಯಿತು. ಇಂದಿಗೂ ಈ ಕುಲದಲ್ಲಿ ಇರುವುದು ಈ ಎರಡೇ ಪ್ರಭೇದ.

ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಅಲ್ಲಿಯವರೆಗೆ ಸಿಕ್ಕ ತಕಾಕಿಯಾಗಳೆಲ್ಲ ಹೆಣ್ಣು. ಗಂಡು ಅಂಗವೂ ಇಲ್ಲ, ಕಡ್ಡಿ ಕರಡಿಗೆಯೂ ಇಲ್ಲ. ಅವಿಲ್ಲದೆ ಗುಂಪು ತೀರ್ಮಾನವಾಗದು. ಯಾಕೆಂದರೆ ಲಿವರ್‌ವರ್ಟ್‌ಗಳಲ್ಲಿ ಮೊದಲು ಕರಡಿಗೆ ಬಲಿಯುತ್ತದೆ, ಕಡ್ಡಿ ಕೊನೆಗೆ ಸರಕ್ಕನೆ ಉದ್ದವಾಗಿ, ಬೀಜಕ ಚೆಲ್ಲಿ, ಬೇಗನೆ ಬಾಡಿ ಬೀಳುತ್ತದೆ. ಹಾವಸೆಗಳಲ್ಲಿ ಕಡ್ಡಿ ಮೊದಲೇ ಬೆಳೆದು ಗಟ್ಟಿಯಾಗಿ ನಿಲ್ಲುತ್ತದೆ, ಕರಡಿಗೆ ಆಮೇಲೆ ತುದಿಯಲ್ಲಿ ಬಲಿಯುತ್ತದೆ. ಲಿವರ್‌ವರ್ಟ್‌ಗಳಲ್ಲಿ ಬೀಜಕಗಳ ಜೊತೆ ಸ್ಪ್ರಿಂಗಿನಂಥ ಎಳೆಗಳೂ ಇರುತ್ತವೆ, ಹಾವಸೆಗಳಲ್ಲಿ ಇರುವುದಿಲ್ಲ.

ಅಲಾಸ್ಕಾದ ಪಶ್ಚಿಮಕ್ಕೆ ಸಮುದ್ರದಲ್ಲಿ ಸಾಲಾಗಿ ಹರಡಿರುವ ಅಲ್ಯೂಶಿಯನ್ ದ್ವೀಪಗಳಲ್ಲಿ ಸ್ಮಿತ್ ಮತ್ತು ಡೇವಿಸನ್ ಎಂಬ ಸಂಶೋಧಕರಿಗೆ ಕೊನೆಗೂ ಗಂಡು ಅಂಗ ಮತ್ತು ಕರಡಿಗೆ ಇರುವ ತಕಾಕಿಯಾ ಸೆರಾಟೊಫಿಲ್ಲಾ ಸಿಕ್ಕಿತು. ಕಡ್ಡಿ ಗಟ್ಟಿಯಾಗಿತ್ತು. ಸ್ಪ್ರಿಂಗ್ ಎಳೆಗಳಿರಲಿಲ್ಲ. ಕರಡಿಗೆ ಒಂದೇ ಸೀಳಿನಿಂದ, ಅದೂ ಸುರುಳಿಯಾಗಿ, ತೆರೆದುಕೊಳ್ಳುತ್ತಿತ್ತು. 1993ರಲ್ಲಿ ಅವರು ವಿವರ ಪ್ರಕಟಿಸಿದ ಮೇಲೆ ತಕಾಕಿಯಾ ಹಾವಸೆಗಳ ಗುಂಪಿಗೆ ಬಂತು. ಡಿಎನ್‌ಎ ಪರೀಕ್ಷೆಗಳೂ ಆಮೇಲೆ ಅದನ್ನೇ ಹೇಳಿದವು. ಮಿಟನ್ ಹೆಸರಿಟ್ಟ ವರ್ಷದಿಂದ ಲೆಕ್ಕ ಹಾಕಿದರೆ 132 ವರ್ಷ.

ಮಿಟನ್ ಅವರನ್ನು ದೂರುವುದು ತರವಲ್ಲ. ಕರಡಿಗೆ ಇಲ್ಲದ ಒಣ ಚೂರೊಂದನ್ನು ಹಿಡಿದು ಅಂದಿನ ತಿಳಿವಳಿಕೆಯಲ್ಲಿ ಅವರು ಮಾಡಿದ ಹೋಲಿಕೆ ಸಮಂಜಸವಾಗಿಯೇ ಇತ್ತು.

ಡಿಎನ್‌ಎ ಹೇಳುವುದೆಷ್ಟು

ಈಗ ಎಲ್ಲ ಸುದ್ದಿಯಲ್ಲೂ ‘ಡಿಎನ್‌ಎ ಪರೀಕ್ಷೆಯಿಂದ ದೃಢಪಟ್ಟಿತು’ ಎಂಬ ಮಾತು ಇದ್ದೇ ಇರುತ್ತದೆ. ನಡೆಯುವುದು ಇಷ್ಟು. ಹಾವಸೆಯ ಚೂರನ್ನು ಅರೆದು ಡಿಎನ್‌ಎ ತೆಗೆದು, ಎಲ್ಲ ಸಸ್ಯಗಳಲ್ಲೂ ಇರುವ ಕೆಲವು ನಿರ್ದಿಷ್ಟ ಭಾಗಗಳನ್ನು ಮಾತ್ರ ಓದುತ್ತಾರೆ. ಆ ಅಕ್ಷರಸಾಲನ್ನು ಹತ್ತಿರದ ಪ್ರಭೇದಗಳ ಸಾಲಿನ ಜೊತೆ ಹೋಲಿಸಿ, ಯಾರು ಯಾರಿಗೆ ಎಷ್ಟು ಹತ್ತಿರ ಎಂದು ವಂಶವೃಕ್ಷ ಬರೆಯುತ್ತಾರೆ. ಮಾದರಿ ತನ್ನದೇ ಒಂದು ಕೊಂಬೆಯಾಗಿ ನಿಂತರೆ ಅದು ಬೇರೆ ಪ್ರಭೇದ ಇರಬಹುದು ಎಂಬುದಕ್ಕೆ ಬಲ ಬರುತ್ತದೆ.

ಇದರಿಂದ ಹೊರಬಂದ ದೊಡ್ಡ ಉದಾಹರಣೆ ಸ್ಫ್ಯಾಗ್ನಂ. ನರ್ಸರಿಗಳಲ್ಲಿ ಆರ್ಕಿಡ್ ಕುಂಡಕ್ಕೆಂದು ಮಾರುವ ಒಣ ಹಾವಸೆ ಇದೇ ಕುಲದ್ದು. (ಕೋಕೋಪೀಟ್ ತೆಂಗಿನ ನಾರಿನದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಸ್ಫ್ಯಾಗ್ನಂನ ಎಲೆಯಲ್ಲಿ ಹಸಿರು ಕೋಶಗಳ ಬಲೆಯ ನಡುವೆ ಖಾಲಿ ಸತ್ತ ಕೋಶಗಳಿವೆ, ಅವು ನೀರಿನ ತೊಟ್ಟಿಗಳು. ಒಣ ತೂಕದ ಇಪ್ಪತ್ತು ಪಟ್ಟಿನಷ್ಟು ನೀರನ್ನು ಅದು ಹಿಡಿದಿಡಬಲ್ಲದು.

ಕೆಂಪು ಛಾಯೆಯ ಒಂದು ಸ್ಫ್ಯಾಗ್ನಂಗೆ ಬ್ರಿಡೆಲ್ ಎಂಬುವರು 1798ರಲ್ಲಿ ಸ್ಫ್ಯಾಗ್ನಂ ಮೆಜೆಲ್ಲಾನಿಕಂ ಎಂದು ಹೆಸರಿಟ್ಟಿದ್ದರು. ದಕ್ಷಿಣ ಅಮೆರಿಕದ ತುತ್ತತುದಿಯ ಮೆಜೆಲ್ಲಾನ್ ಜಲಸಂಧಿಯ ಮಾದರಿ ಅದು. ಯುರೋಪ್, ಉತ್ತರ ಅಮೆರಿಕದ ಜೌಗುಗಳಲ್ಲಿ ಅಂಥದ್ದೇ ಕೆಂಪು ಹಾವಸೆ ಧಾರಾಳವಾಗಿ ಸಿಗುತ್ತಿದ್ದರಿಂದ ಅದನ್ನೂ ಇದೇ ಹೆಸರಿನಿಂದ ಕರೆಯುತ್ತ ಬಂದರು. ಭೂಮಿಯ ಎರಡು ತುದಿಯಲ್ಲೂ ಇರುವ ಪ್ರಭೇದ ಎಂದು ಪುಸ್ತಕಗಳು ಬರೆದವು. ನಾರ್ವೆಯ ಕ್ರಿಸ್ಟಿಯಾನ್ ಹಾಸೆಲ್ ಮತ್ತು ಸಂಗಡಿಗರು 2018ರಲ್ಲಿ ಡಿಎನ್‌ಎ ಮತ್ತು ಸೂಕ್ಷ್ಮದರ್ಶಕ ಎರಡನ್ನೂ ಇಟ್ಟುಕೊಂಡು ಇದು ಒಂದಲ್ಲ, ಮೂರು ಎಂದು ತೋರಿಸಿದರು. ಮೆಜೆಲ್ಲಾನಿಕಂ ಎಂಬ ಹೆಸರು ದಕ್ಷಿಣ ಅಮೆರಿಕದ್ದಕ್ಕೆ ಉಳಿಯಿತು. ಉತ್ತರದ ಎರಡರಲ್ಲಿ ಒಂದಕ್ಕೆ 1881ರಲ್ಲೇ ಲಿಂಪ್ರಿಕ್ಟ್ ಇಟ್ಟು, ಆಮೇಲೆ ಮೂಲೆಗೆ ಸರಿದಿದ್ದ ಸ್ಫ್ಯಾಗ್ನಂ ಮೀಡಿಯಂ ಎಂಬ ಹೆಸರು ಮರಳಿ ಬಂತು. ಇನ್ನೊಂದಕ್ಕೆ ಹೆಸರೇ ಇರಲಿಲ್ಲ, ಅದು ಹೊಸ ಪ್ರಭೇದವಾಗಿ ಸ್ಫ್ಯಾಗ್ನಂ ಡಿವೈನಂ ಎನಿಸಿಕೊಂಡಿತು. ಉತ್ತರ ಗೋಳಾರ್ಧದಲ್ಲಿ ಲಕ್ಷಾಂತರ ಜನ ನಡೆದಾಡಿದ ಜೌಗಿನ ಸಾಮಾನ್ಯ ಹಾವಸೆಯದು ಈ ಕಥೆ.

ಆದರೆ ಡಿಎನ್‌ಎ ಒಂದನ್ನೇ ನಂಬಿ ಹೆಸರಿಡುವುದನ್ನು ಎಚ್ಚರದ ತಜ್ಞರು ಒಪ್ಪುವುದಿಲ್ಲ. ಎಷ್ಟು ಅಕ್ಷರ ಬೇರೆಯಾದರೆ ಬೇರೆ ಪ್ರಭೇದ ಎಂಬುದಕ್ಕೆ ಎಲ್ಲ ಕಡೆ ಸಲ್ಲುವ ಗೆರೆ ಇಲ್ಲ. ಎರಡು ಪ್ರಭೇದಗಳ ಮಿಶ್ರಣದಿಂದ ಹುಟ್ಟಿದ ಹಾವಸೆಯಲ್ಲಿ ಒಂದು ಭಾಗದ ಡಿಎನ್‌ಎ ಒಂದು ಕಥೆ ಹೇಳಿದರೆ ಇನ್ನೊಂದು ಭಾಗ ಬೇರೆ ಕಥೆ ಹೇಳುತ್ತದೆ. ಇದಕ್ಕಿಂತ ತಲೆನೋವಿನ ಸಂಗತಿ, ಹೋಲಿಕೆಗೆ ಬಳಸುವ ಡೇಟಾಬೇಸಿನಲ್ಲೇ ತಪ್ಪು ಹೆಸರಿನ ಸಾಲುಗಳಿರುವುದು. ಯಾರೋ ಹಾವಸೆಯನ್ನು ತಪ್ಪಾಗಿ ಗುರುತಿಸಿ ಅದರ ಡಿಎನ್‌ಎ ಸಾಲನ್ನು ಸೇರಿಸಿದ್ದರೆ, ಮುಂದಿನವರು ಅದಕ್ಕೆ ಹೋಲಿಸಿ ತಾವೂ ಹಳ್ಳಕ್ಕೆ ಬೀಳುತ್ತಾರೆ. ತಪ್ಪು ಸರಿಪಡಿಸಲು ಮತ್ತೆ ಪೊಟ್ಟಣ ಬಿಚ್ಚಿ ಎಲೆಯನ್ನೇ ನೋಡಬೇಕು.

ಹೆಸರಿಡುವ ಕಾನೂನು

ಹೊಸದೆಂದು ಖಾತ್ರಿಯಾದ ಮೇಲೆ ಮನಸ್ಸಿಗೆ ಬಂದ ಹೆಸರು ಇಟ್ಟು ಪತ್ರಿಕಾಗೋಷ್ಠಿ ಕರೆದರೆ ಹೆಸರು ಆಗುವುದಿಲ್ಲ. ಸಸ್ಯಗಳು, ಶೈವಲಗಳು, ಶಿಲೀಂಧ್ರಗಳ ಹೆಸರಿಗೆ ಒಂದು ಅಂತಾರಾಷ್ಟ್ರೀಯ ಸಂಹಿತೆ ಇದೆ. ಸಸ್ಯವಿಜ್ಞಾನಿಗಳ ಜಾಗತಿಕ ಸಮ್ಮೇಳನದಲ್ಲಿ ಅದನ್ನು ಪರಿಷ್ಕರಿಸುತ್ತಾರೆ; 2017ರಲ್ಲಿ ಚೀನಾದ ಶೆನ್ಜೆನ್‌ನಲ್ಲಿ, 2024ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸೇರಿದ್ದರು.

ಸಂಹಿತೆಯ ಬೇಡಿಕೆಗಳಲ್ಲಿ ಅತಿ ಮುಖ್ಯವಾದದ್ದು ಮೂಲಮಾದರಿ. ಹೊಸ ಹೆಸರು ಕೊಡುವವರು ಒಂದು ನಿರ್ದಿಷ್ಟ ಒಣ ಮಾದರಿಯನ್ನು ತೋರಿಸಿ ‘ಈ ಹೆಸರು ಇದಕ್ಕೆ ಸೇರಿದ್ದು’ ಎಂದು ಬರೆಯಲೇಬೇಕು, ಅದು ಯಾವ ಸಸ್ಯಾಗಾರದಲ್ಲಿದೆ ಎಂದೂ ಹೇಳಬೇಕು. ಹಿಂದೆ ಸಂತೆಯಲ್ಲಿ ಅಳತೆಯ ಜಗಳ ಬಂದರೆ ಸರ್ಕಾರದ ಮುದ್ರೆ ಒತ್ತಿದ ಸೇರನ್ನು ತಂದು ಅಳೆದು ನೋಡುತ್ತಿದ್ದರಲ್ಲ, ಮೂಲಮಾದರಿಯ ಕೆಲಸವೂ ಅದೇ. ಅದು ಆ ಪ್ರಭೇದದ ಅತಿ ಚೆಂದದ ಚೂರಾಗಿರಬೇಕಿಲ್ಲ, ಸರಾಸರಿಯೂ ಆಗಿರಬೇಕಿಲ್ಲ. ಮುಂದೆ ತಕರಾರು ಬಂದಾಗ ಎಲ್ಲರೂ ಹಿಂತಿರುಗಿ ನೋಡುವ ವಸ್ತು ಅದು, ಅಷ್ಟೆ. ಸ್ಫ್ಯಾಗ್ನಂ ಮೂರಾದಾಗ ಹಳೆಯ ಹೆಸರು ಯಾರಿಗೆ ಉಳಿಯಬೇಕು ಎಂಬುದು ಹೀಗೆಯೇ ತೀರ್ಮಾನವಾಯಿತು. ಬ್ರಿಡೆಲ್ ಅವರ ಮಾದರಿ ದಕ್ಷಿಣದ್ದು, ಹೆಸರೂ ದಕ್ಷಿಣಕ್ಕೇ ಹೋಯಿತು. ಉತ್ತರದವರು ಎಷ್ಟೇ ಕಾಲ ಅದನ್ನು ಬಳಸಿದ್ದರೂ ಲೆಕ್ಕಕ್ಕಿಲ್ಲ.

ಎರಡನೆಯ ನಿಯಮ ಹಿರಿತನ. ಒಂದೇ ಪ್ರಭೇದಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ನಿಲ್ಲುತ್ತದೆ. ಮಿಟನ್ ಕುಲವನ್ನು ತಪ್ಪಾಗಿ ಊಹಿಸಿದ್ದರೂ ಅವರು ಕೊಟ್ಟ ಸೆರಾಟೊಫಿಲ್ಲಾ ಎಂಬ ಭಾಗ ತಕಾಕಿಯಾದ ಜೊತೆ ಇಂದಿಗೂ ಉಳಿದಿರುವುದು ಇದರಿಂದ.

ಮೂರನೆಯದು ಭಾಷೆ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್, ಎರಡರಲ್ಲಿ ಯಾವುದಾದರೂ ಆದೀತು. 1935ಕ್ಕೆ ಮೊದಲು ಯಾವ ಭಾಷೆಯೂ ನಡೆಯುತ್ತಿತ್ತು. ಎಂದರೆ ಆಗ ಯಾರಾದರೂ ಕನ್ನಡದಲ್ಲಿ ಒಂದು ಹಾವಸೆಯನ್ನು ವಿಧಿವತ್ತಾಗಿ ವಿವರಿಸಿ ಅಚ್ಚು ಹಾಕಿಸಿದ್ದರೆ ಸಂಹಿತೆ ಅದನ್ನು ಒಪ್ಪಲೇಬೇಕಿತ್ತು.

ನಮ್ಮ ದೇಶದ ಕಾನೂನೂ ಇದರಲ್ಲಿ ಕೈಯಿಡುತ್ತದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದ ಯಾರೇ ಆಗಲಿ, ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿಡಬೇಕು. ಸಸ್ಯಗಳಿಗೆ ಕೋಲ್ಕತ್ತದ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ, ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆ ಅಂಥವು. ಆದ್ದರಿಂದ ಮನೆ ಹಿಂದಿನ ಗೋಡೆಯ ಮೇಲಿನ ಹಾವಸೆಯ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಅದರಿಂದ ಮಾತ್ರ ಹೊಸ ಪ್ರಭೇದ ಹುಟ್ಟುವುದಿಲ್ಲ. ತಜ್ಞರ ಗಮನ ಸೆಳೆಯಲು ಫೋಟೋ ಸಾಕು, ಆಮೇಲೆ ಪೊಟ್ಟಣ ಬೇಕು.

ಹೆಸರು ಬೇರೆಯಾದರೆ ಏನಾಗುತ್ತದೆ

ಇಷ್ಟು ಸಣ್ಣ ಹಸಿರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಸ್ಫ್ಯಾಗ್ನಂ ಉತ್ತರ ಕೊಡುತ್ತದೆ. ಸ್ಫ್ಯಾಗ್ನಂ ಜೌಗಿನಲ್ಲಿ ಸತ್ತರೂ ಬೇಗ ಕೊಳೆಯುವುದಿಲ್ಲ, ಪದರ ಪದರವಾಗಿ ಕೂಡಿ ಪೀಟ್ ಆಗುತ್ತದೆ. ಪೀಟ್ ನೆಲ ಭೂಭಾಗದ ಸುಮಾರು ಶೇ 3ರಷ್ಟು ಮಾತ್ರ. ಆದರೆ ಪ್ರಪಂಚದ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಹುದುಗಿದೆ. ಡಿವೈನಂ ಮತ್ತು ಮೀಡಿಯಂ ಒಂದೇ ಬಗೆಯ ಜಾಗದಲ್ಲಿ ಬೆಳೆಯುವುದಿಲ್ಲ. ಮೀಡಿಯಂ ಹೆಚ್ಚಾಗಿ ಮಳೆನೀರನ್ನೇ ನಂಬಿದ ತೆರೆದ ಜೌಗುಗಳದ್ದು. ಡಿವೈನಂ ಜೌಗಿನ ಅಂಚು, ಮರಗಳಿರುವ ಜಾಗಗಳಲ್ಲೂ ಸಿಗುತ್ತದೆ. ನೀರು ಕಡಿಮೆಯಾದರೆ, ಬಿಸಿ ಹೆಚ್ಚಿದರೆ ಯಾವುದು ತಡೆದುಕೊಳ್ಳುತ್ತದೆ ಎಂದು ಅಳೆಯಹೊರಟವರು ಎರಡನ್ನೂ ಒಂದೇ ಹೆಸರಿನಡಿ ಬೆರೆಸಿದ್ದರೆ ಅವರ ಲೆಕ್ಕವೂ ಬೆರಕೆ.

ತಕಾಕಿಯಾದ ವಿಷಯ ಇನ್ನೂ ನೇರ. ಟಿಬೆಟ್‌ನಲ್ಲಿ ವರ್ಷದ ಸುಮಾರು ಎಂಟು ತಿಂಗಳು ಹಿಮದಡಿ ಇರುವ ಎತ್ತರದ ನೆಲೆಗಳಲ್ಲಿ ಅದನ್ನು ದಶಕದ ಕಾಲ ಗಮನಿಸಿದ ಚೀನಾ ಮತ್ತು ಜರ್ಮನಿಯ ವಿಜ್ಞಾನಿಗಳ ಅಧ್ಯಯನ 2023ರಲ್ಲಿ ಹೊರಬಂತು. ಈ ಕುಲದ ವಂಶ ಸುಮಾರು 39 ಕೋಟಿ ವರ್ಷ ಹಳೆಯದು ಎಂದು ಅವರು ಅಂದಾಜಿಸಿದರು. ಅದು ನಿಂತಿರುವ ಹಿಮಾಲಯ ಏಳತೊಡಗಿದ್ದೇ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ. ಬೆಟ್ಟ ಎದ್ದಂತೆ ಅದರ ಜೊತೆ ಮೇಲೇರಿ, ಚಳಿಗೂ ತೀಕ್ಷ್ಣ ಬಿಸಿಲಿಗೂ ಹೊಂದಿಕೊಂಡ ಹಾವಸೆ ಇದು. ಅದೇ ಅಧ್ಯಯನ, ಹವಾಮಾನ ಬಿಸಿಯಾಗುತ್ತಿರುವಂತೆ ಅದರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದೂ ದಾಖಲಿಸಿತು. ಲೆಪಿಡೋಜಿಯಾ ಎಂಬ ದೊಡ್ಡ ಕುಲದ ಪಟ್ಟಿಯಲ್ಲಿ ಒಂದು ಸಾಲಾಗಿಯೇ ಅದು ಉಳಿದಿದ್ದರೆ ಇಂಥ ಎಣಿಕೆಗೆ ಯಾರೂ ಟಿಬೆಟ್‌ಗೆ ಹೋಗುತ್ತಿರಲಿಲ್ಲ.

ಹೆಸರು ಪ್ರಕಟವಾದರೆ ಕೆಲಸ ಮುಗಿಯಿತು ಎಂದೂ ಅಲ್ಲ. ಪ್ರಭೇದ ಎನ್ನುವುದು ಸಾಕ್ಷ್ಯ ಕೊಟ್ಟು ಮುಂದಿಟ್ಟ ಒಂದು ವಾದ. ಇನ್ನೊಬ್ಬರು ಹೆಚ್ಚು ಸಾಕ್ಷ್ಯ ತಂದರೆ ಅದು ಬೇರೊಂದು ಪ್ರಭೇದದಲ್ಲಿ ಕರಗಿಹೋಗಬಹುದು, ಇಲ್ಲವೇ ಮತ್ತೆ ಒಡೆಯಬಹುದು. ಸ್ಫ್ಯಾಗ್ನಂ ಮೆಜೆಲ್ಲಾನಿಕಂ 2018ರಲ್ಲಿ ಮೂರಾಯಿತಷ್ಟೆ. ಕೆಲವೇ ವರ್ಷಗಳಲ್ಲಿ ಉತ್ತರ ಅಮೆರಿಕದ ಪೂರ್ವಭಾಗದಿಂದ ಅದೇ ಗುಂಪಿನ ಸ್ಫ್ಯಾಗ್ನಂ ಡಯಾಬೋಲಿಕಂ, ಸ್ಫ್ಯಾಗ್ನಂ ಮ್ಯಾಗ್ನಿಯೇ ಎಂಬ ಇನ್ನೆರಡು ಬಂದವು. ಸಸ್ಯಾಗಾರಗಳಲ್ಲಿ ಮೆಜೆಲ್ಲಾನಿಕಂ ಎಂದು ಬರೆದಿಟ್ಟ ಉತ್ತರದ ಪೊಟ್ಟಣಗಳನ್ನು ಈಗ ಒಂದೊಂದಾಗಿ ಬಿಚ್ಚಿ, ನೆನೆಸಿ, ಉತ್ತರದ ನಾಲ್ಕರಲ್ಲಿ ಯಾವುದು ಎಂದು ಮತ್ತೆ ನೋಡಬೇಕು.